ಮೂರನೆಯ ಡ್ರಾಯರು

ಜುಬೈದಿ ಮೀನಿನ ಪೊಟ್ಟಣಕ್ಕೆ ಕೈ ಹಾಕಿದರೆ
ಸಿಕ್ಕಿದ್ದು ಬಟ್ಟೆ.
ನಾಲ್ಕು ಮಡಿಕೆ ಮಡಿಸಿದ ದುಪ್ಪಟಿ,
ಹಲಗೆಯಂತೆ ಸೆಟೆದು,
ಅಂಚಿನ ನೀಲಿ ಹೂವಿನ ಮೇಲೆ ಉಪ್ಪಿನಂಥ ಮಂಜು.

ಯಾರದೆಂದು ಕೇಳಬೇಕಿರಲಿಲ್ಲ.
ಆ ನೀಲಿ ಹೂವು ನಾನೇ ಕೊಟ್ಟದ್ದು,
ಒಗೆದೂ ಒಗೆದೂ ಸವೆದ ಮೇಲೆ.
ಕೊಡುವಾಗ ಎರಡು ಸಲ ಹೇಳಿಯೂ ಇದ್ದೆ,
ಇದು ಒಳ್ಳೇ ಹತ್ತಿ, ಜೋಪಾನ ಅಂತ.

ಮಧ್ಯಾಹ್ನ ಮೂರು. ಸಾಲ್ಮಿಯಾದ ಆಗಸ್ಟು.
ತಲೆನೋವೆಂದು ಆಫೀಸಿನಿಂದ ಬೇಗ ಬಂದವಳು
ಫ್ರೀಜರಿನ ಬಾಗಿಲು ಹಿಡಿದು ನಿಂತೇಬಿಟ್ಟೆ.
ಮುಚ್ಚು ಮುಚ್ಚು ಎಂದು ಅದು ಕುಂಯ್ಗುಡತೊಡಗಿತು.
ಓಬುಲಮ್ಮ ಕುಬ್ಬೂಸ್ ತರಲು ಕೆಳಗೆ ಹೋಗಿದ್ದಳು.

ಮೊದಲು ಬಂದದ್ದು ಸಿಟ್ಟೇ, ಸುಳ್ಳೇಕೆ ಹೇಳಲಿ.
ನಾವು ತಿನ್ನುವುದರ ಪಕ್ಕ ಅವಳು ಹೊದೆಯುವುದು!
ಕೇಳಬಾರದಿತ್ತೇ ಒಂದು ಮಾತು?
ಭಾಷೆ ಬಾರದೆಂಬ ನೆಪವೂ ಇಲ್ಲ.
ರಾಯಚೋಟಿಯವಳು ಅವಳು, ಬಳ್ಳಾರಿಯವಳು ನಾನು,
ಅವಳ ತೆಲುಗಿನಲ್ಲೇ ನಾನು ಬೈಯಬಲ್ಲೆ,
ನನ್ನ ತೆಲುಗಿಗೆ ಅವಳು ನಗಬಲ್ಲಳು.

ನಿಂತಲ್ಲೇ ಲೆಕ್ಕ ಶುರುವಾಯಿತು.
ಏರ್ ಫ್ರೈಯರಿನ ಬುಟ್ಟಿಯಲ್ಲಿ ಶೇಂಗಾ ಸಿಪ್ಪೆ.
ಹೇರ್ ಡ್ರೈಯರಿನ ವಯರು
ನಾನು ಸುತ್ತುವ ಹಾಗಲ್ಲ, ಎಡಕ್ಕೆ ಸುತ್ತಿದ್ದು.
ಟ್ರೆಡ್‌ಮಿಲ್ಲು, ನಮ್ಮಲ್ಲಿ ಯಾರೂ ಏರದ ಟ್ರೆಡ್‌ಮಿಲ್ಲು,
ಈ ತಿಂಗಳು ಹನ್ನೊಂದು ಕಿಲೋಮೀಟರು ನಡೆದಿತ್ತು.
ಎಲ್ಲಿಗೆ ಹೋಗುತ್ತಿದ್ದಳೋ ಪುಣ್ಯಾತ್ಗಿತ್ತಿ!

ಮನೆಯ ನಕ್ಷೆಯಲ್ಲಿ ಅದರ ಹೆಸರು ಉಗ್ರಾಣ.
ನಾವು ಓಬುಲಮ್ಮನ ರೂಮು ಅನ್ನುತ್ತೇವೆ,
ಅಂದ ಮಾತ್ರಕ್ಕೆ ಕಿಟಕಿ ಮೂಡುವುದಿಲ್ಲ.
ಹಾಲಿನ ಏಸಿಯ ಗಾಳಿ ಬಾಗಿಲ ಸಂದಿಯಿಂದ
ನುಸುಳಿ ಬರುತ್ತದೆ ಅಂದಿದ್ದ ತಿಪ್ಪೇಶ,
ಅಂಗೈ ಒಡ್ಡಿ ತೋರಿಸಿಯೂ ಇದ್ದ.
ಅದು ಜನವರಿ.

ಹೋಗಿ ನಿಂತೆ ಅಲ್ಲಿ, ಮೊದಲ ಸಲ, ಬಾಗಿಲು ಹಾಕಿಕೊಂಡು.
ನೂರು ಎಣಿಸುವಷ್ಟರಲ್ಲಿ ಕುರ್ತಾ ಬೆನ್ನಿಗಂಟಿತು.
ಬಳ್ಳಾರಿಯ ನಮ್ಮ ಮಾಳಿಗೆ ನೆನಪಾಯಿತು:
ಸಂಜೆ ಅವ್ವ ಕೊಡಗಟ್ಟಲೆ ನೀರು ಸುರಿದರೆ
ಚುಂಯ್ ಅನ್ನುತ್ತಿದ್ದ ಗಚ್ಚು,
ಹಸಿ ಸೀರೆ ಹೊದ್ದು ಮಲಗಿದ ಐದು ಮಕ್ಕಳು,
ಮೇಲೆ ಯಾರ ಅಪ್ಪಣೆಯೂ ಬೇಡದ ಆಕಾಶ.
ನೀರು ಮಾತ್ರ ಮುನಸಿಪಾಲಿಟಿಯದು,
ನಲ್ಲಿಗೆ ಮೋಟರು ಹಚ್ಚಿ ಎಳೆದದ್ದು.
ಅವ್ವ ಯಾರನ್ನು ಕೇಳಿದ್ದಳು?

ಕೇಳಿದ್ದರೆ ನಾನಾದರೂ ಏನನ್ನುತ್ತಿದ್ದೆ?
ನೋಡೋಣ ಅನ್ನುತ್ತಿದ್ದೆ.
ನನ್ನ ಬಾಯಲ್ಲಿ ನೋಡೋಣ ಅಂದರೆ ಇಲ್ಲ ಎಂದು
ಎರಡು ವರ್ಷದಲ್ಲಿ ಅವಳಿಗೆ ಬಾಯಿಪಾಠ.
ಕರೆಂಟಿನ ದುಡ್ಡು ಬಾಡಿಗೆಯಲ್ಲೇ ಸೇರಿಹೋಗಿದೆ,
ನನ್ನ ಸಿಟ್ಟಿಗೆ ಒಂದು ಫಿಲ್ಸಿನ ಆಧಾರವೂ ಇಲ್ಲ.

ಲಿಫ್ಟಿನ ಸದ್ದು.
ದುಪ್ಪಟಿಯನ್ನು ಇದ್ದಂತೆಯೇ ಇಟ್ಟೆ,
ಮೀನನ್ನು ಕೆಳಗಿನ ಡ್ರಾಯರಿಗೆ ಸರಿಸಿದೆ,
ಹೊದ್ದವಳಿಗೆ ನೀಚು ನಾತ ಹತ್ತದಿರಲಿ ಎಂದು.
ಎಷ್ಟು ದೊಡ್ಡ ಮನಸ್ಸು ನನ್ನದು ಎಂದು
ಒಂದು ಗಳಿಗೆ ತಣ್ಣಗೂ ಆದೆ.

ಏಮಮ್ಮಾ, ತಲೆನೋವಾ, ಅನ್ನುತ್ತ ಬಂದಳು,
ಶುಂಠಿ ಜಜ್ಜಿದಳು, ಕೇಳದೆಯೇ ಒಲೆ ಹಚ್ಚಿದಳು
ನನ್ನ ಚಹಾಕ್ಕೆ.
ಅದಕ್ಕೆ ಅಪ್ಪಣೆ ಬೇಕೆಂದು
ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ನೋಡಿದರೆ
ಮೀನು ಮತ್ತೆ ಮೂರನೆಯ ಡ್ರಾಯರಿನಲ್ಲಿ,
ಎರಡೆರಡು ಕವರು ಸುತ್ತಿ, ಗಂಟು ಹಾಕಿ.
ಬಟ್ಟೆ ಇಲ್ಲ. ಶೇಂಗಾ ಸಿಪ್ಪೆಯೂ ಇಲ್ಲ.
ವಯರು ಬಲಕ್ಕೆ ಸುತ್ತಿತ್ತು.
ಬಾಯಿ ಬಿಡದೆ ಕೊಟ್ಟ ಅಪ್ಪಣೆ
ಅವಳಿಗೆ ಸಿಕ್ಕಿಬಿದ್ದ ಸದ್ದಾಗಿ ಕೇಳಿಸಿತ್ತು.

ನಾಲ್ಕು ದಿನ ದಿನವೂ ತೆರೆದು ನೋಡಿದೆ,
ಕಳ್ಳಿಯಂತೆ, ನನ್ನದೇ ಫ್ರೀಜರು.
ಹನ್ನೊಂದು ಕಿಲೋಮೀಟರು ಹನ್ನೊಂದರಲ್ಲೇ ನಿಂತಿತ್ತು.

ಐದನೆಯ ರಾತ್ರಿ
ಉಗ್ರಾಣಕ್ಕೊಂದು ಏಸಿ ಹಾಕಿಸೋಣವೇ ಎಂದೆ.
ಫೋನಿನಿಂದ ತಲೆಯೆತ್ತದೆ
ತಿಪ್ಪೇಶನೆಂದ,
ನೋಡೋಣ.