ಬಸು, ಹನ, ಉಮಿ

ಭೂಲೇಶ್ವರದಲ್ಲಿ ಗುಂಡಿ ಮುಗಿಯಿತು, ಲೇಸು ಮುಗಿಯಿತು,
ಗ್ರೋಸಿಗೆ ಎರಡು ರೂಪಾಯಿಗಾಗಿ ಕಾಲು ಗಂಟೆಯ ಜಗಳವೂ ಮುಗಿಯಿತು.
ಗದಗಿನ ಗಾಡಿ ರಾತ್ರಿಗೆ. ಕೈಯಲ್ಲಿ ಐದು ತಾಸು,
ಸೆರಗಿನ ಗಂಟಿನಲ್ಲಿ ಯಾರ ಲೆಕ್ಕಕ್ಕೂ ಸಿಗದ ಏಳುನೂರು.
ಒಂದು ಹಾಡು ಕೊಳ್ಳಬೇಕಿತ್ತು.

ಹೆಸರು ಗೊತ್ತಿಲ್ಲ. ಹಾಡಿದವಳೂ ಗೊತ್ತಿಲ್ಲ.
ಜಪಾನಿನದು, ಅಷ್ಟೇ.
ನೀಲಗಂಗಾ ನನ್ನ ಅಂಗಡಿಯಲ್ಲಿ ಹೆಮ್ಮಿಂಗಿಗೆ ಕೂತ ಎರಡು ವರ್ಷ
ಅವಳ ಒಡಕು ಫೋನು ಅದನ್ನೇ ಉಸುರುತ್ತಿತ್ತು.
ನನ್ನ ಜೂಕಿ ಮಶೀನೂ ಅಲ್ಲಿಯದೇ;
ತವರಿನ ದನಿ ಕೇಳಿದ ಸೊಸೆಯ ಹಾಗೆ
ಒಂದು ಹೊಲಿಗೆ ತಪ್ಪದೆ ನಡೆಯುತ್ತಿತ್ತು.

"ಅಕ್ಕಾ, ಅವರೂ ನಮ್ಮಂಗ" ಅನ್ನುತ್ತಿದ್ದಳು.
"ಬಸ್ಸಿಗೆ ಬಸು ಅಂತಾರ.
ಕ ಕಿ ಕು ಕೆ ಕೊ, ಅವರದೂ ಕಾಗುಣಿತಾನ,
ಐದಕ್ಕ ನಿಂತುಬಿಡತೈತಿ.
ಹನ ಅಂದ್ರ ಹೂವು. ಉಮಿ ಅಂದ್ರ ಸಮುದ್ರ."
"ನಮಗ ಉಮಿ ಅಂದ್ರ ಭತ್ತದ ಹೊಟ್ಟು" ಎಂದು ನಕ್ಕಿದ್ದೆ.
ಯುಗಾದಿಯ ಬಟ್ಟೆ ಮುಗಿಸಿಕೊಟ್ಟು ಅವಳು
ದೊಡ್ಡಬಳ್ಳಾಪುರದ ಗಾರ್ಮೆಂಟಿಗೆ ಹೋದಳು. ನಂಬರು ಬದಲಾಯಿತು.
ಹಾಡು ಕಿವಿಯಲ್ಲಿ ಕಡಿದ ದಾರದ ತುದಿ,
ಎಳೆದರೆ ಬರುತ್ತದೆ, ಗಂಟು ಬೀಳುವುದಿಲ್ಲ.

ಫೋರ್ಟಿನ ದೊಡ್ಡ ಅಂಗಡಿಯ ಹುಡುಗ, ಕಿವಿಗೆ ಮೂರು ಓಲೆ.
"ಕ್ಯಾಸೆಟ್ಟು ಹೈ ಕ್ಯಾ? ಜಪಾನು ಕಾ?" ಎಂದೆ.
ನನ್ನ ಉಕಾರಗಳನ್ನೆಲ್ಲ ಹೆಕ್ಕಿ
ಪಕ್ಕದವನಿಗೆ ಆಡಿ ತೋರಿಸಿದ.
ಬಸು, ಎಂದುಕೊಂಡೆ ಮನಸ್ಸಿನಲ್ಲೇ. ಬಸು.
ಆ ದೇಶದಲ್ಲಿ ನಾನು ಸರಿ ತಮ್ಮಾ, ನೀನು ತಪ್ಪು.
ಕೊರಿಯಾದ್ದು ಇದೆಯಂತೆ, ಫೋಟೋ ಸಮೇತ, ಮೂರು ಸಾವಿರ.
ಹಾಡಿ ತೋರಿಸಲೆ? ಬಾಯಿ ತೆರೆದೆ.
ಎಸಿ ತಣ್ಣಗಿತ್ತು. ಮುಚ್ಚಿದೆ.

ಮಟನ್ ಸ್ಟ್ರೀಟಿನಲ್ಲಿ ಮಟನ್ ಕಾಣಲಿಲ್ಲ.
ಹಡಗಿನ ಗಡಿಯಾರ, ಹಿತ್ತಾಳೆಯ ನಲ್ಲಿ, ಯಾರದೋ ಮದುವೆಯ ಫೋಟೋ,
ನಡುವೆ ಬಸಿಗೆ ಚಹಾ ಸುರಿದುಕೊಂಡು ಹಕೀಮುದ್ದೀನ್ ಚಾಚಾ.
ಅಲ್ಲಿ ಹಾಡಿದೆ.
ಮಾತಿಲ್ಲದೆ, ಮಶೀನಿನ ಹಾಗೆ, ಟಕಟಕಟ,
ನಡುವೆ ಮೇಲಕ್ಕೇರುವ ಆ ಒಂದೆಳೆ.
ಒಂದು ಮೇಕೆ ನಿಂತು ನೋಡಿತು.
ಅವನು ಬಸಿ ಇಳಿಸಿ ಕೊನೆತನಕ ಕೇಳಿದ.
"ಇದು ನನ್ನ ಹತ್ತಿರ ಇಲ್ಲ" ಎಂದ,
ಯಾವುದೆಂದು ಪಕ್ಕಾ ಗೊತ್ತಿದ್ದವನ ಹಾಗೆ.

ಆಮೇಲೆ ಬಿಸ್ಕೀಟಿನ ಡಬ್ಬಿ ತೆಗೆದ.
ದಾರುಖಾನಾದಲ್ಲಿ ಒಡೆದ ಹಡಗಿನದು, ತೂಕಕ್ಕೆ ಕೊಂಡದ್ದು.
ಹನ್ನೊಂದು ಕ್ಯಾಸೆಟ್ಟು. ಒಂದರ ಮೇಲೆ ಹಳದಿ ಕೋಟಿನ ಹೆಂಗಸು.
ಕೋಟಿನ ಕಾಲರು ಬಲು ಚಂದ ಕೂತಿತ್ತು,
ಅದಕ್ಕೇ ಅದನ್ನು ಆರಿಸಿದೆ.
ನೂರಾ ಇಪ್ಪತ್ತು. ಜಗಳ ಆಡಲಿಲ್ಲ.
ಹಣ ಕೊಟ್ಟು ಹನ.
ಮನೆಯಲ್ಲಿ ಟೇಪಿಲ್ಲ. ಬೆಟಗೇರಿಯ
ರೇಡಿಯೊ ರಿಪೇರಿಯವನ ಅಟ್ಟದಲ್ಲಿ ಒಂದಿರಬಹುದು.

ಕಲ್ಯಾಣ ದಾಟಿದ ಮೇಲೆ ಬಿಚ್ಚಿದೆ.
ಒಳಗೆ ಮಡಿಚಿದ ಹಾಳೆ, ತುಂಬ ಅವರ ಅಕ್ಷರ.
ಹಿಂಬದಿಗೆ ಪೆನ್ಸಿಲಿನಲ್ಲಿ ಯಾರೋ ಬರೆದ ಅಂಕಿ:
೮೮, ೭೨, ೪೩, ೫೯, ೬೦.
ಹಾಡು ಓದಲು ಬಾರದು. ಇದು ಬರುತ್ತದೆ.
ಎದೆ, ಸೊಂಟ, ಭುಜ, ಎಡತೋಳು, ಬಲತೋಳು.
ಸೆಂಟಿಮೀಟರು.

ತೆಳ್ಳನೆಯ ಆಳು. ಬಲಗೈ ಒಂದು ಗೀಟು ಉದ್ದ,
ಹಗ್ಗ ಎಳೆದವನೋ, ಸೌಟು ತಿರುವಿದವನೋ.
ಯಾವ ಬಂದರಿನಲ್ಲಿ ಇಳಿದು ಅಂಗಿ ಹೊಲಿಸಬೇಕೆಂದಿದ್ದನೋ,
ಹೊಲಿಸಿದನೋ, ಅಷ್ಟರಲ್ಲಿ ಹಡಗು ಬಿಟ್ಟಿತೋ.
ಉಮಿಯ ಮೇಲೆ ಉಮಿಯಷ್ಟು ಹಗುರ.

ಎದುರಿನ ಸೀಟಿನವರು ದೀಪ ಆರಿಸಿ ಎಂದರು.
ಆರಿಸಿದೆ. ಕತ್ತಲಲ್ಲೇ ಬಟ್ಟೆಯ ಲೆಕ್ಕ ಹಾಕಿದೆ:
ಎರಡೂಕಾಲು ಮೀಟರು ಸಾಕು,
ಗುಂಡಿ ಹೇಗೂ ತಲೆದಿಂಬಿನಡಿ ಇವೆ.