ಮೂರನೇ ನಂಬರು

ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಯ ಹಿಂದುಗಡೆ
ರೇಡಿಯೋ ರಿಪೇರಿಯ ಇನಾಸ್ ಬಾರ್ದೇಸ್ಕರನ ಖೋಲಿ.
ಮೇಜಿನ ಮೇಲೆ ಒಂದೇ ಆಲ್ಬಮ್ಮಿನ ಮೂರು ರೆಕಾರ್ಡು:
ವಿಲಾಯತಿಯದು, ಜಪಾನಿನದು, ನಮ್ಮ ದಮ್ ದಮ್‌ದು.
ಹೊದಿಕೆಯ ಮೇಲೆ ಅದೇ ನಾಲ್ಕು ಜನ, ಅದೇ ಉದ್ದ ಕೂದಲು;
ದಮ್ ದಮ್‌ದರಲ್ಲಿ ಮಾತ್ರ ಆಕಾಶ
ನೀಲಿ ಸಾಲದೆ ಬೂದಿಯಾಗಿದೆ.

ಮೊದಲು ಜಪಾನು. ಸೂಜಿ ಇಳಿದದ್ದೇ ತಿಳಿಯಲಿಲ್ಲ.
ಡ್ರಮ್ಮಿನವನ ಸ್ಟೂಲು ಕಿರ್ ಅಂದದ್ದೂ ಕೇಳಿ
‘ಇಷ್ಟ ರೊಕ್ಕಾ ಮಾಡಿದವ್ರು
ಒಂದ್ ಹನಿ ಎಣ್ಣಿ ಬಿಡಬಾರದಾಗಿತ್ತೇನ?’ ಅಂದ ಇನಾಸ್.

ವಿಲಾಯತಿಯದು ಅದಕ್ಕಿಂತ ದಪ್ಪ;
ಬೇಸ್ ಗಿಟಾರು ಶಹಾಬಾದ್ ಕಲ್ಲಿನೊಳಗಿಂದ
ಅಂಗಾಲಿಗೆ ಬಂತು.

ದಮ್ ದಮ್‌ದು, ಏನು ಹೇಳಲಿ,
ನಾಲ್ಕನೇ ಸಲ ಕುದಿಸಿದ ಚಹಾಪುಡಿ.
ಝಲ್ಲೆನ್ನಬೇಕಾದ ಸಿಂಬಲ್ಲು ಚುಸ್ ಅಂತು,
ಹಾಡುವವ ಕಂಬಳಿಯೊಳಗಿದ್ದ.
ನೋಟ್‌ಬುಕ್ಕಿನಲ್ಲಿ ಬರೆದೆ: ಮೂರನೇ ನಂಬರು.

ಇನಾಸ್ ಬರೆಯಲಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದ,
ಒಮ್ಮೆ ಸ್ಪೀಕರಿಗೆ ಮುಖ ಮಾಡಿ,
ಒಮ್ಮೆ ಕುರ್ಚಿ ತಿರುಗಿಸಿ ಬೆನ್ನು ಮಾಡಿ.
ಎಡಗಿವಿ ಇಲ್ಲ ಅವನಿಗೆ;
ಫೈರಿಂಗ್ ರೇಂಜಿನಲ್ಲಿ, ಇಪ್ಪತ್ತೆರಡರ ವಯಸ್ಸಿಗೇ
ಸರ್ಕಾರಕ್ಕೆ ಕೊಟ್ಟು ಬಂದದ್ದು.

‘ಜಪಾನಿಂದ್ರಾಗ ಹಿಂಗ ಕುಂತ್ರ ಗಿಟಾರ್ ಇಲ್ಲ,
ಹಂಗ ಕುಂತ್ರ ಪಿಯಾನೋ ಇಲ್ಲ.
ವಿಲಾಯತಿದೂ ಅದ ಹಣೇಬಾರ.
ಇದೊಂದ್ರಾಗ ನೋಡ್ರಿ,
ಎಡಾ ಬಲಾ ಎರಡೂ ಕಲಿಸಿ ಒಗದಾರ ಮಕ್ಕಳು,
ಹೆಂಗ ಕುಂತ್ರೂ ಎಲ್ಲಾರೂ ಅದಾರ.’

ಬರೆದ ನಂಬರನ್ನು ನಾನು ಹೊಡೆದು ಹಾಕಲಿಲ್ಲ.
ಎರಡನೇ ಬದಿಗೆ ಅವನು ರೆಕಾರ್ಡು ಮಗುಚುವಾಗ
ಸ್ಟೂಲು ಎಳೆದುಕೊಂಡು
ಅವನ ಬಲಗಡೆ ಬಂದು ಕೂತೆ.