ಜೀನ್ಸ್ ಕತ್ತರಿ

ಮಲ್ಪೆಯಿಂದ ಹೈದರಾಬಾದಿಗೆ ಹೊರಟ ಐಸ್ ಲಾರಿ
ಕೌಲ್ ಬಜಾರಿನ ತಿರುವಿನಲ್ಲಿ ಹತ್ತೇ ನಿಮಿಷ ನಿಂತಿತು.
ಮೈದುನ ಖಾಜಾವಲಿ ಥರ್ಮೊಕೋಲ್ ಡಬ್ಬಿ ಇಳಿಸಿ
"ಲಾಬ್‌ಸ್ಟರ್ ಬಾಲ, ಭಾಬಿ, ನಾಲ್ಕೈತೆ" ಅಂದ.
ಹೆಂಗೆ ಬೇಯಿಸೋದು ಅನ್ನುವಷ್ಟರಲ್ಲಿ ಹಾರನ್ನು.

"ತಲೆ ಎಲ್ಲಮ್ಮಿ?" ಅಂದಳು ರುಖಿಯಾ.
ತಲೆ ಬೇರೆ ಊರಿಗೆ ಹೋಗಿರಬೇಕು.
ನಮ್ಮ ಮನೆಗೂ ಬರೀ ಕಾಲುಗಳು ಬರುತ್ತವೆ,
ಸೊಂಟಪಟ್ಟಿ ಹೊಲಿಯುವವರು ಇನ್ನೊಂದು ಓಣಿಯಲ್ಲಿ.

ಚಾಕು ಜಾರಿತು. ಈಳಿಗೆಯೂ ಸೋತಿತು.
ಜೀನ್ಸ್ ಕತ್ತರಿ ತಂದೆ.
ಬೆನ್ನಿನ ನಟ್ಟನಡುವೆ, ಹೊಲಿಗೆ ಬಿಚ್ಚುವಂತೆ,
ಕರಕ್ ಕರಕ್ ಅಂತ ಬಾಲದ ಅಂಚಿನವರೆಗೂ;
ಒಳಗೆ ಬಿಳಿ ಅಸ್ತರು, ತಣ್ಣಗೆ, ಬಿಗಿಯಾಗಿ.

ಬೆಳ್ಳುಳ್ಳಿ, ಗುಂಟೂರು ಖಾರ, ಮುಷ್ಟಿ ಕೊತ್ತಂಬರಿ,
ನಿಂಬೆ ಹಿಂಡಿ, ರೊಟ್ಟಿ ಹಂಚಿನ ಮೇಲೆ ಬೋರಲು ಹಾಕಿದೆ.
ಅತ್ತೆ ಮಾಬುನ್ನಿ ಮೂಗಿಗೆ ಸೆರಗು ಹಿಡಿದೇ ಬಂದವಳು
ಒಲೆಯ ಹತ್ತಿರವೇ ಕೂತಳು.

ಕಪ್ಪು ನೀಲಿ ಚಿಪ್ಪು ನೋಡನೋಡುತ್ತಲೇ ಕೆಂಪಾಯಿತು,
ಎರಡು ನಿಮಿಷ ಹಿಡಿಯಿತೋ ಇಲ್ಲವೋ.
ನನ್ನ ಉಗುರಸಂದಿಯ ನೀಲಿಗೆ ಹದಿನಾರು ವರ್ಷ.
ಸೋಡಾ, ಸೀಗೆ, ಸೀಮೆಎಣ್ಣೆ, ಯಾವುದಕ್ಕೂ ಬಗ್ಗಿಲ್ಲ.

ಜೋಳದ ರೊಟ್ಟಿ ಮುರಿದು ಆರು ಜನ ತಿಂದೆವು.
"ಸಿಹಿ ಐತಲ್ಲೇ," ಅಂದಳು ಅತ್ತೆ,
"ಸಮುದ್ರ ಉಪ್ಪು ಅಂತಾರೆ ಮತ್ತೆ?"
ನಮ್ಮಲ್ಲಿ ನೋಡಿದವರು ಯಾರೂ ಇರಲಿಲ್ಲ.

ಕತ್ತರಿ ತೊಳೆಯಲು ಮರೆತಿದ್ದೆ. ಬೆಳಿಗ್ಗೆ
ಇಪ್ಪತ್ತೆಂಟು ಜತೆ ಕಾಲಿನ ಅಂಚು ಕತ್ತರಿಸಿದ ಮೇಲೆ
ಮೇಸ್ತ್ರಿ ಬಂದು, ಬಟ್ಟೆ ಮೂಸಿ, ನನ್ನ ಮುಖ ನೋಡಿದ.
ಮಳೆ ವಾಸನೆ, ಅಂದೆ.
ಏಪ್ರಿಲ್ ತಿಂಗಳು. ಬಳ್ಳಾರಿ.